ಡೋಪಮೈನ್ ಸುಳಿವು ಹಿಡಿಯುವ ಮೂತ್ರಪಿಂಡದ ಕೋಶ

ಡೋಪಮೈನ್ ಅಣುವಿಗೆ ಒಂದು ಹೈಡ್ರಾಕ್ಸಿಲ್ ಗುಂಪು ಸೇರಿದರೆ ಅದೇ ನಾರ್‌ಎಪಿನೆಫ್ರಿನ್. ಮಿದುಳಿನಲ್ಲಿ ಇವೆರಡರ ಕೆಲಸ ಬೇರೆ ಬೇರೆ. ಆದರೆ ಮಿದುಳಿಗೆ ಇಳಿಸುವ ಕಾರ್ಬನ್ ವಿದ್ಯುದ್ವಾರಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಸಣ್ಣ ನಳಿಕೆಯಿಂದ ಮಾದರಿ ತೆಗೆದು ಪರೀಕ್ಷಿಸಿದರೆ ಯಾವುದು ಯಾವುದೆಂದು ತಿಳಿಯುತ್ತದೆ ನಿಜ. ಆದರೆ ಒಂದೊಂದು ಮಾದರಿಗೂ ನಿಮಿಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಇಲಿ ಕಲಿಯುವುದನ್ನು ಕಲಿತು ಮುಗಿಸಿರುತ್ತದೆ.

ಇವನ್ನು ಬೇರ್ಪಡಿಸಿ ಗುರುತಿಸುವ ಸಾಧನವನ್ನು ಜೀವವಿಕಾಸ ಎಂದೋ ರೂಪಿಸಿದೆ: ಜೀವಕೋಶದ ಹೊರಪೊರೆಯ ಗ್ರಾಹಕ ಪ್ರೋಟೀನು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಡೇವಿಡ್ ಕ್ಲೈನ್‌ಫೆಲ್ಡ್, ಪಾಲ್ ಸ್ಲೆಸಿಂಗರ್ ಮತ್ತು ಸಂಗಡಿಗರು ಅದನ್ನೇ ಎರವಲು ಪಡೆದರು. 2010ರಲ್ಲಿ ಅಸಿಟೈಲ್‌ಕೋಲಿನ್ ಪತ್ತೆಹಚ್ಚುವ ಕೋಶ ಬಂತು, 2014ರಲ್ಲಿ ಡೋಪಮೈನ್‌ಗೊಂದು, ನಾರ್‌ಎಪಿನೆಫ್ರಿನ್‌ಗೊಂದು. ಇವುಗಳ ಹೆಸರು 'ಸಿನಿಫರ್'.

ಬಳಸಿದ್ದು ನರಕೋಶವನ್ನಲ್ಲ, ಪ್ರಯೋಗಾಲಯಗಳಲ್ಲಿ ದಶಕಗಳಿಂದ ಬೆಳೆಸುತ್ತಿರುವ ಎಚ್‌ಇಕೆ-293 ಎಂಬ ಮಾನವ ಮೂತ್ರಪಿಂಡದ ಕೋಶವನ್ನು. ಅದರೊಳಗೆ ಬೇಕಾದ ಗ್ರಾಹಕದ ಜೀನ್ ಸೇರಿಸುತ್ತಾರೆ. ಜೊತೆಗೆ, ನೀಲಿ ಮತ್ತು ಹಳದಿ ಬೆಳಕು ಸೂಸುವ ಎರಡು ಭಾಗಗಳುಳ್ಳ ಇನ್ನೊಂದು ಪ್ರೋಟೀನಿನ ಜೀನನ್ನೂ ಸೇರಿಸುತ್ತಾರೆ. ಗ್ರಾಹಕಕ್ಕೆ ರಾಸಾಯನಿಕ ತಾಗಿದೊಡನೆ ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬೀಳುತ್ತದೆ. ಕ್ಯಾಲ್ಸಿಯಂ ಅಂಟಿದರೆ ಆ ಪ್ರೋಟೀನು ಮಡಚಿಕೊಂಡು ಎರಡು ಭಾಗಗಳೂ ಹತ್ತಿರವಾಗುತ್ತವೆ. ನೀಲಿಯ ಶಕ್ತಿ ಹಳದಿಗೆ ಹರಿಯುತ್ತದೆ. ನೀಲಿ ಕುಗ್ಗಿ ಹಳದಿ ಹೆಚ್ಚಿತೆಂದರೆ ಸುದ್ದಿ ಬಂತೆಂದೇ ಅರ್ಥ. ಡೋಪಮೈನ್‌ನ ಡಿ2 ಗ್ರಾಹಕ ಸಹಜವಾಗಿ ಈ ಕ್ಯಾಲ್ಸಿಯಂ ದಾರಿ ಹಿಡಿಯುವುದಿಲ್ಲ. ಅದಕ್ಕಾಗಿ ಕೋಶದೊಳಗಿನ ಒಂದು ಜಿ-ಪ್ರೋಟೀನಿನ ಕೊನೆಯ ಐದೇ ಅಮೈನೋ ಆಮ್ಲಗಳನ್ನು ಬದಲಿಸಿ ದಾರಿ ತಿರುಗಿಸಿದರು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸೊಗಸೆನಿಸುವುದು ಈ ಪುಟ್ಟ ತಿದ್ದುಪಡಿ.

ಈ ಕೋಶಗಳನ್ನು ಇಲಿಯ ಮಿದುಳಿನ ಮುಂಭಾಗದ ಹೊರಪದರದಲ್ಲಿ ನೆಟ್ಟು, ತಲೆಬುರುಡೆಯಲ್ಲಿ ಮಾಡಿದ ಕಿಟಕಿಯ ಮೂಲಕ ಸೂಕ್ಷ್ಮದರ್ಶಕದಿಂದ ನೋಡಿದರು. ಒಂದು ಶಬ್ದ, ಕೊಂಚ ಹೊತ್ತಿನ ಬಳಿಕ ಸಕ್ಕರೆ ನೀರಿನ ಹನಿ. ತರಬೇತಿ ಮುಂದುವರಿದಂತೆ ಡೋಪಮೈನ್ ಏರಿಕೆ ಸಕ್ಕರೆಯಿಂದ ಹಿಂದಕ್ಕೆ ಸರಿದು ಶಬ್ದದ ಹೊತ್ತಿಗೇ ಬರತೊಡಗಿತು. ನಾರ್‌ಎಪಿನೆಫ್ರಿನ್ ಹಾಗೆ ಕ್ರಮವಾಗಿ ಸರಿಯಲಿಲ್ಲ. ಇಷ್ಟು ಹೋಲುವ ಎರಡು ಅಣುಗಳು ಒಂದೇ ಪಾಠದಲ್ಲಿ ಬೇರೆ ಬೇರೆಯಾಗಿ ನಡೆದುಕೊಂಡದ್ದು ಕಣ್ಣಿಗೇ ಕಂಡಿತು.

ತೊಡಕುಗಳಿವೆ. ಪರಕೀಯ ಕೋಶವಾದ್ದರಿಂದ ಪ್ರಾಣಿಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು. ಪ್ರತಿಕ್ರಿಯೆಗೆ ಸೆಕೆಂಡುಗಳು ಹಿಡಿಯುತ್ತವೆ. 2018ರಲ್ಲಿ ಬಂದ 'ಡಿಲೈಟ್', 'ಗ್ರ್ಯಾಬ್' ಸಂವೇದಕಗಳಲ್ಲಿ ಗ್ರಾಹಕವೇ ಬೆಳಗುತ್ತದೆ, ಇಲಿಯ ನರಕೋಶಗಳೇ ಅದನ್ನು ತಯಾರಿಸಿಕೊಳ್ಳುತ್ತವೆ, ವೇಗವೂ ಹೆಚ್ಚು. ಆದರೆ ಅಲ್ಲಿ ಪ್ರತಿ ಗ್ರಾಹಕವನ್ನೂ ಕತ್ತರಿಸಿ ಹೊಸದಾಗಿ ಹೆಣೆಯಬೇಕು. ಸಿನಿಫರ್‌ನಲ್ಲಿ ಗ್ರಾಹಕ ಇದ್ದಂತೆಯೇ ಇರುತ್ತದೆ, ಜೀನ್ ಬದಲಿಸಿದರೆ ಹೊಸ ಸಂವೇದಕ ಸಿದ್ಧವಾಗುತ್ತದೆ. ಸೊಮಾಟೊಸ್ಟಾಟಿನ್‌ನಂಥ ನರಪೆಪ್ಟೈಡುಗಳನ್ನು ಹುಡುಕುವವರು ಈ ಕೋಶಗಳನ್ನು ಬಿಟ್ಟುಕೊಡದಿರುವುದಕ್ಕೆ ಅದೇ ಕಾರಣ.