ಚಳಿಯೇ ಸಿರಿಯಾದ ನಾಡು

ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದೆಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ವಸಂತಕ್ಕೆ ಕೋಗಿಲೆ, ಮಳೆಗಾಲಕ್ಕೆ ನವಿಲು. ಹೀಗೆ ಹೇಳುತ್ತ ಹೇಳುತ್ತ, ಋತುವೆಂಬುದು ಕಾವ್ಯಕ್ಕೆ ತೊಡಿಸುವ ಒಡವೆಯೆಂಬ ಭಾವ ನನ್ನಲ್ಲಿಯೂ ಬೇರೂರಿತ್ತು. ಅದನ್ನು ಅಲುಗಿಸಿದ್ದು ದೂರದ ಕೊರಿಯಾದ ಒಂದು ಸಣ್ಣಕಥೆ.

ಲೀ ಹ್ಯೋಸೊಕ್ (1907–1942) ಎಂಬ ಕಥೆಗಾರ 1936ರಲ್ಲಿ ಬರೆದ ‘ಮೇಮಿಲ್ ಹೂವರಳುವ ಹೊತ್ತು’ ಎಂಬ ಕಥೆಯದು. ಉತ್ತರ ಭಾರತದವರು ಉಪವಾಸದ ದಿನ ಹಿಟ್ಟು ಮಾಡಿ ತಿನ್ನುವ ಕುಟ್ಟುವೇ ಕೊರಿಯದ ಮೇಮಿಲ್. ಸಂತೆಯಿಂದ ಸಂತೆಗೆ ಅಲೆಯುವ ಮುದಿ ವ್ಯಾಪಾರಿಯೊಬ್ಬ ಕತ್ತೆಯೊಡನೆ ಬೆಳುದಿಂಗಳಲ್ಲಿ ಆ ಬಿಳಿ ಹೂವಿನ ಹೊಲಗಳನ್ನು ದಾಟುತ್ತ, ಎಂದೋ ಒಂದು ರಾತ್ರಿ ತನಗೊದಗಿದ ಒಲವನ್ನು ನೆನೆಯುತ್ತಾನೆ. ಕಥೆ ನಡೆಯುವುದು ಲೇಖಕನ ಹುಟ್ಟೂರಾದ ಬೋಂಗ್‌ಪ್ಯೋಂಗ್‌ನ ಸೀಮೆಯಲ್ಲಿ. ಅದಿರುವುದು 2018ರ ಚಳಿಗಾಲದ ಒಲಿಂಪಿಕ್ಸ್‌ನಿಂದ ಲೋಕಕ್ಕೆ ಪರಿಚಿತವಾದ ಪ್ಯೋಂಗ್‌ಚಾಂಗ್ ಜಿಲ್ಲೆಯಲ್ಲಿ.

ಅಲ್ಲಿ ಮೇಮಿಲ್ ಬೆಳೆದದ್ದು ಅಂದಕ್ಕಲ್ಲ. ತೇಬೆಕ್ ಪರ್ವತಗಳ ಆ ಬಡ ಮಣ್ಣಿನಲ್ಲಿ ಭತ್ತಕ್ಕೆ ಎಡೆ ಕಡಿಮೆ, ಬೇಸಗೆ ಗಿಡ್ಡ. ಜುಲೈಯ ಮಳೆಯ ಹೊತ್ತಿಗೆ ಬಿತ್ತಿದರೆ ಮೇಮಿಲ್ ಸೆಪ್ಟೆಂಬರ್ ಮೊದಲಲ್ಲಿ ಹೂಬಿಟ್ಟು, ಇಬ್ಬನಿ ಹೆಪ್ಪುಗಟ್ಟುವ ಮುನ್ನ ಕೊಯ್ಲಿಗೆ ಬರುತ್ತದೆ. ಕವಿಯ ಕಣ್ಣಿಗೆ ಬೆಳುದಿಂಗಳಾಗಿ ಕಂಡದ್ದು ರೈತನಿಗೆ ಹಸಿವಿನ ಲೆಕ್ಕಾಚಾರ.

ಇದೇ ಜಿಲ್ಲೆಯ ಅಂಚಿನಲ್ಲಿ, 832 ಮೀಟರ್ ಎತ್ತರದಲ್ಲಿ, ದೇಗ್ವಾಲ್ಯೋಂಗ್ ಕಣಿವೆದಾರಿಯಿದೆ. ಆ ಮಲೆಯಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ. ಪೂರ್ವದ ಕಡಲಿನಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಡೆದು ರಾಶಿರಾಶಿ ಹಿಮವನ್ನು ಸುರಿಸುತ್ತದೆ.

ಕೊರಿಯದ ಯುದ್ಧ (1950–53) ದೇಶವನ್ನು ಸೀಳಿದಾಗ ಉತ್ತರದ ಹಾಮ್‌ಗ್ಯೋಂಗ್ ಪ್ರಾಂತದಿಂದ ಬಂದ ನಿರಾಶ್ರಿತರಿಗೆ ಈ ಚಳಿಯ ಪರಿಚಯವಿತ್ತು. ಅವರ ಊರಿನ ಚಳಿಯೂ ಇಂಥದೇ. ಅವರು ತಮ್ಮ ಹಳೆಯ ಕಸುಬನ್ನು ಇಲ್ಲಿ ಹೂಡಿದರು. ಮರದ ದೊಡ್ಡ ಚಪ್ಪರಗಳಿಗೆ ಪೊಲಾಕ್ ಮೀನನ್ನು ಡಿಸೆಂಬರ್‌ನಿಂದ ವಸಂತದವರೆಗೆ ತೂಗುಹಾಕುತ್ತಾರೆ. ರಾತ್ರಿ ಅದು ಹೆಪ್ಪುಗಟ್ಟಬೇಕು, ಹಗಲು ಕರಗಬೇಕು. ಹತ್ತಾರು ಬಾರಿ ಹೀಗಾದ ಮೇಲೆ ಮಾಂಸ ಹೊಂಬಣ್ಣ ತಾಳಿ ‘ಹ್ವಾಂಗ್ತೆ’ ಎನಿಸುತ್ತದೆ. ಚಳಿ ಸಾಲದಿದ್ದರೆ ಅದು ಕಪ್ಪಗಾಗುತ್ತದೆ, ಅತಿಯಾದರೆ ಬಿಳಿಚಿಕೊಳ್ಳುತ್ತದೆ. ಆ ಕೆಟ್ಟ ಮೀನುಗಳಿಗೂ ಬೇರೆಬೇರೆ ಹೆಸರುಗಳುಂಟು. ಋತುವಿನ ತಪ್ಪಿಗೆ ಶಬ್ದಕೋಶದಲ್ಲಿ ಸ್ಥಾನವಿತ್ತ ಜನರಿವರು!

ಈಗ ಆ ತಪ್ಪುಗಳು ಹೆಚ್ಚುತ್ತಿವೆ. ಕೊರಿಯದ ಕಡಲಿನಲ್ಲಿ ಪೊಲಾಕ್ ಎಷ್ಟು ಕ್ಷೀಣಿಸಿತೆಂದರೆ, 2019ರಲ್ಲಿ ಅದನ್ನು ಹಿಡಿಯುವುದನ್ನೇ ಸರ್ಕಾರ ನಿಷೇಧಿಸಿತು. ಚಪ್ಪರಕ್ಕೇರುವ ಮೀನು ಬಹುಪಾಲು ರಷ್ಯದ ಕಡಲಿನದು. ಮೀನನ್ನಾದರೆ ಹೊರಗಿನಿಂದ ತರಿಸಬಹುದು. ಚಳಿಯನ್ನು ಎಲ್ಲಿಂದ ತರಿಸುವುದು? ಲೋಕವೇ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಚಳಿಗಾಲದ ಬೆಚ್ಚನೆಯ ರಾತ್ರಿಯೊಂದು ಬಂದರೆ ಅಲ್ಲಿನ ಕುಟುಂಬಗಳು ನಿದ್ದೆಗೆಡುತ್ತವೆ. ಊರನ್ನು ಕಳೆದುಕೊಂಡು ಬಂದವರಿಗೆ ಊರಿನಿಂದ ಉಳಿದಿದ್ದದ್ದು ಆ ಚಳಿಯೊಂದೇ.

ನಾನು ಆ ನಾಡನ್ನು ಕಣ್ಣಾರೆ ಕಂಡವನಲ್ಲ. ಆದರೂ ಈ ವರ್ಷ ಋತುವರ್ಣನೆಯ ಪಾಠ ಬಂದಾಗ, ಕೋಗಿಲೆ ನವಿಲುಗಳನ್ನು ಹೇಳಿ ಮುಗಿಸಿದ ಮೇಲೆ, ನನ್ನ ಹುಡುಗರನ್ನು ಒಂದು ಮಾತು ಕೇಳಬೇಕೆಂದಿದ್ದೇನೆ: ಈ ಋತು ತಪ್ಪಿದರೆ ಯಾರ ಮನೆಯ ಒಲೆ ಆರುತ್ತದೆ?