ಎಲುಬಿನ ಸಾಕ್ಷ್ಯ

ಕೊಲೆಯ ಆಪಾದನೆಯಲ್ಲಿ ನಾವು ಮೊದಲು ಕೇಳಬೇಕಾದುದು 'ಕೊಂದವರು ಯಾರು?' ಎಂದಲ್ಲ, 'ಸತ್ತವರು ಯಾರು?' ಎಂದು. ಇದನ್ನು ಮರೆತರೆ ಎಂಥ ಅನ್ಯಾಯವಾದೀತೆಂಬುದಕ್ಕೆ ಮೈಸೂರು ಜಿಲ್ಲೆಯಲ್ಲಿಯೇ ನಿದರ್ಶನವುಂಟು.

2020ರಲ್ಲಿ ಕುಶಾಲನಗರದ ಬಳಿಯ ಹಳ್ಳಿಯೊಂದರ ಗೃಹಿಣಿಯು ಕಾಣೆಯಾದಳು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಕಡೆ ಅಸ್ಥಿಪಂಜರವೊಂದು ದೊರೆಯಿತು. ಅದು ಅವಳದೇ ಎಂದು ಬಗೆದು ಪೊಲೀಸರು ಗಂಡನನ್ನು ಬಂಧಿಸಿದರು. ಆತನು ಒಂದು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿ ಕಳೆದನು.

ಎಲುಬು ತನ್ನ ಗುರುತನ್ನು ಹೇಳಬಲ್ಲುದೆ? ಬಲ್ಲುದು. ಜೀವಕೋಶದ ಬೀಜಕೇಂದ್ರದಲ್ಲಿರುವ ಡಿ.ಎನ್.ಎ.ಯ ಅರ್ಧವು ತಾಯಿಯಿಂದಲೂ ಉಳಿದರ್ಧವು ತಂದೆಯಿಂದಲೂ ಮಗುವಿಗೆ ಬರುತ್ತದೆ. ಆದುದರಿಂದ ತಜ್ಞರು ಆರಿಸಿಕೊಂಡ ಒಂದೊಂದು ತಾಣದಲ್ಲಿಯೂ ಮಗುವಿನ ಎರಡು ಗುರುತುಗಳಲ್ಲಿ ಒಂದು ತಾಯಿಯಲ್ಲಿಯೂ ಇರಬೇಕು. ಒಂದೆಡೆ ತಪ್ಪಿದರೆ ಅದು ಅಪರೂಪದ ವ್ಯತ್ಯಾಸವಿರಬಹುದು. ಹಲವೆಡೆ ತಪ್ಪಿದರೆ ಅವರು ತಾಯಿಮಕ್ಕಳಲ್ಲ.

ಆ ಎಲುಬನ್ನು ಕಾಣೆಯಾದವಳ ತಾಯಿಯ ರಕ್ತದೊಡನೆ ಹೋಲಿಸಿದಾಗ ಹೊಂದಿಕೆ ಕಂಡುಬರಲಿಲ್ಲ. ಆದರೂ ಮೊಕದ್ದಮೆ ನಿಲ್ಲಲಿಲ್ಲ. 2025ರ ಏಪ್ರಿಲ್ 1ರಂದು ಆಕೆಯು ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿಯೇ ಕಾಣಿಸಿಕೊಂಡಳು! ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯವು ಗಂಡನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಹಾಗಾದರೆ ಆ ಎಲುಬು ಯಾರದು? ಹೋಲಿಸಲು ಬಂಧುಗಳು ದೊರೆಯದಿದ್ದರೆ, ಎಲುಬು ತಾನು ಇಂಥವರದಲ್ಲವೆಂದು ಹೇಳೀತೇ ಹೊರತು ಇಂಥವರದೆಂದು ಹೇಳಲಾರದು. ವಿಜ್ಞಾನದ 'ಅಲ್ಲ' ಎಂಬ ಉತ್ತರವೂ ಉತ್ತರವೇ. ಅದನ್ನು ಕಿವಿಗೊಟ್ಟು ಕೇಳಿದ್ದರೆ ನಿರಪರಾಧಿಯೊಬ್ಬನ ಸಂಕಟವು ಬೇಗನೆ ನೀಗುತ್ತಿತ್ತು.