ಆನಂದದ ಅಳತೆ

ಜೆರುಸಲೇಮಿನ ಪ್ರಯೋಗಶಾಲೆಯೊಂದರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಒಂದು ಕೊಬ್ಬಿನ ಅಣುವಿಗೆ ಸಂಸ್ಕೃತದ ಹೆಸರನ್ನಿಟ್ಟರೆಂದರೆ ಕೇಳುಗರಿಗೆ ಸೋಜಿಗವಾದೀತು. ಇದು ನಡೆದದ್ದು 1992ರಲ್ಲಿ. ಅಲ್ಲಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ರಾಫೆಲ್ ಮೆಶೂಲಂ ಅವರ ಬಳಗದ ವಿಲಿಯಂ ಡಿವೇನ್, ಲುಮೀರ್ ಹನುಶ್ ಮೊದಲಾದವರು ಆ ಅಣುವನ್ನು ಗುರುತಿಸಿ 'ಆನಂದಮೈಡ್' ಎಂದು ಕರೆದರು. 'ಅಮೈಡ್' ರಸಾಯನಶಾಸ್ತ್ರದ ಮಾತು. 'ಆನಂದ' ನಮ್ಮ ಉಪನಿಷತ್ತುಗಳ ಮಾತು. ಬಾಳೆಲ್ಲ ಕನ್ನಡ ಪಾಠ ಹೇಳಿಕೊಂಡು ಬಂದ ನನ್ನಂಥವನು ವೈದ್ಯವಿಜ್ಞಾನದ ವಿಷಯಕ್ಕೆ ಕೈಯಿಡಲು ಈ ಶಬ್ದವೇ ಮೊದಲ ಕಾರಣ. ಎರಡನೆಯ ಕಾರಣ, ಮಂಡಿನೋವಿನಿಂದ ಬಹುಕಾಲ ಬಳಲುತ್ತಿರುವ ನನ್ನ ಹಿರಿಯ ಸಹೋದ್ಯೋಗಿಗಳೊಬ್ಬರು. "ಅಲ್ಲಾ ಸ್ವಾಮಿ, ಆನಂದ ಮೈಯೊಳಗೇ ಇದೆಯೆಂದು ವಿಜ್ಞಾನಿಗಳೂ ಒಪ್ಪಿದರಂತೆ. ಅದನ್ನು ಇನ್ನಷ್ಟು ಹೆಚ್ಚಿಸುವ ಗುಳಿಗೆಯೊಂದನ್ನು ಕೊಟ್ಟರಾಗದೆ?" ಎಂದು ಅವರು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಈ ಅಣುವಿನ ಕಥೆ ಭಂಗಿಸೊಪ್ಪಿನಿಂದ ಮೊದಲಾಗುತ್ತದೆ. ನಮ್ಮ ದೇಶಕ್ಕೆ ಆ ಸೊಪ್ಪು ಹೊಸದಲ್ಲ. 1839ರಲ್ಲಿ ಕಲ್ಕತ್ತೆಯಲ್ಲಿದ್ದ ಓಶಾನೆಸಿ ಎಂಬ ವೈದ್ಯರು ಅದನ್ನು ಧನುರ್ವಾಯು, ಸಂಧಿವಾತ ಮೊದಲಾದ ರೋಗಗಳಲ್ಲಿ ಪ್ರಯೋಗಿಸಿ, ಕಂಡದ್ದನ್ನು ಬರೆದಿಟ್ಟರು. ಅದರ ಅಮಲಿಗೆ ಕಾರಣವಾದ ಮುಖ್ಯ ದ್ರವ್ಯದ ರಚನೆಯನ್ನು ಮೆಶೂಲಂ ಮತ್ತು ಗಾವೋನಿ ಅವರು ಬಿಡಿಸಿದ್ದು 1964ರಲ್ಲಿ. 1988ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಆಲಿನ್ ಹೌಲೆಟ್ ಮತ್ತು ಡಿವೇನ್ ಅವರು, ಇಲಿಯ ಮಿದುಳಿನಲ್ಲಿ ಆ ದ್ರವ್ಯ ಹೋಗಿ ಕೂರುವ ನೆಲೆಯೊಂದಿದೆಯೆಂದು ತೋರಿಸಿದರು. ನೆಲೆಯನ್ನು ಬೀಗವೆನ್ನೋಣ, ದ್ರವ್ಯವನ್ನು ಬೀಗದ ಕೈ ಎನ್ನೋಣ. ಎಲ್ಲಿಯೋ ಬೆಳೆಯುವ ಗಿಡವೊಂದಕ್ಕಾಗಿ ಪ್ರಕೃತಿ ನಮ್ಮ ತಲೆಯೊಳಗೆ ಬೀಗವನ್ನು ಮಾಡಿಟ್ಟೀತೆ? ಹಾಗಾದರೆ ಅದರ ನಿಜವಾದ ಕೈ ಮನೆಯೊಳಗೇ ಇರಬೇಕಲ್ಲವೆ? ಹೀಗೆ ಹುಡುಕಿದಾಗ ದೊರೆತದ್ದೇ ಆನಂದಮೈಡ್. 1995ರಲ್ಲಿ 'ಟು-ಎಜಿ' ಎಂಬ ಇನ್ನೊಂದು ದೊರೆಯಿತು. ದೇಹವು ತಾನೇ ಮಾಡಿಕೊಳ್ಳುವ ಇಂಥ ದ್ರವ್ಯಗಳಿಗೆ 'ಎಂಡೋಕ್ಯಾನಬಿನಾಯ್ಡ್' ಎಂದು ಹೆಸರು. 'ಒಳಗಿನ ಭಂಗಿ' ಎಂದರೆ ಅರ್ಥ ಹೊಂದೀತು.

ಇವುಗಳ ಕೆಲಸವಾದರೂ ಏನು? ನಾನಿಲ್ಲಿ ಮಾತನಾಡುತ್ತೇನೆ, ನೀವಲ್ಲಿ ಕೇಳುತ್ತೀರಿ; ರೇಡಿಯೋದ ಕಿವಿ ಹಿಂಡುವುದರ ಹೊರತು, "ಸಾಕು ಮಾಡಿ" ಎಂದು ನನಗೆ ತಿಳಿಸುವ ದಾರಿ ನಿಮಗಿಲ್ಲ. ನರಕೋಶಗಳಿಗೆ ಆ ದಾರಿ ಉಂಟು. ಸಂದೇಶ ಒಂದು ಕೋಶದಿಂದ ಮುಂದಿನದಕ್ಕೆ ಹರಿಯುತ್ತದೆ. ಅದು ಮಿತಿ ಮೀರಿದಾಗ, ಕೇಳುವ ಕೋಶವು ತನ್ನ ಪೊರೆಯ ಕೊಬ್ಬಿನಿಂದಲೇ ಈ ಅಣುಗಳನ್ನು ಆಗಿಂದಾಗ್ಗೆ ಮಾಡಿ, ಹೇಳುವ ಕೋಶದ ಕಡೆಗೆ ಹಿಂದಕ್ಕೆ ಕಳುಹಿಸುತ್ತದೆ. ಅವು ಅಲ್ಲಿಯ ಬೀಗವನ್ನು ಮುಟ್ಟಿದೊಡನೆ ಸಂದೇಶ ತಗ್ಗುತ್ತದೆ. 2001ರಲ್ಲಿ ತಿಳಿದುಬಂದ ಸಂಗತಿ ಇದು. ಕೆಲಸ ಮುಗಿದ ಬಳಿಕ ಕಿಣ್ವಗಳು ಆ ಅಣುಗಳನ್ನು ಬೇಗನೆ ಒಡೆದುಹಾಕುತ್ತವೆ. ಬೇಕಾದಾಗ, ಬೇಕಾದಲ್ಲಿ, ಬೇಕಾದಷ್ಟು, ಆಮೇಲೆ ಇಲ್ಲ.

ಬೀಗಗಳಲ್ಲಿ ಮುಖ್ಯವಾದವು ಎರಡು. ಸಿಬಿ-1 ಎಂಬುದು ನೆನಪು, ನಡಿಗೆಯ ಹದ, ನೋವು, ಹಸಿವು ಇವುಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳಲ್ಲಿ ದಟ್ಟವಾಗಿದೆ. ಸಿಬಿ-2 ಹೆಚ್ಚಾಗಿರುವುದು ರೋಗದೊಡನೆ ಹೋರಾಡುವ ರಕ್ತಕಣಗಳಲ್ಲಿ. ಉರಿಯೂತ ಅಳತೆ ಮೀರದಂತೆ ನೋಡಿಕೊಳ್ಳುವುದರಲ್ಲಿ ಅದಕ್ಕೆ ಪಾತ್ರವಿದೆ. ಹುಟ್ಟಿದ ದಿನವೇ ಸಿಬಿ-1 ಬೀಗವನ್ನು ಮುಚ್ಚಿಬಿಟ್ಟರೆ ಇಲಿಮರಿಗಳು ತಾಯಿಯ ಮೊಲೆಗೆ ಬಾಯಿಡದೆ ಸಾಯುತ್ತವೆ. ಆ ಬೀಗವೇ ಇಲ್ಲದ ಇಲಿಗಳಾದರೋ, ಒಮ್ಮೆ ಹೊಕ್ಕ ಭಯವನ್ನು ಸುಲಭವಾಗಿ ಕಳೆದುಕೊಳ್ಳಲಾರವು. ಉಣ್ಣುವುದಕ್ಕೂ ಬೇಕು, ಮರೆಯುವುದಕ್ಕೂ ಬೇಕು!

ಇಷ್ಟನ್ನು ತಿಳಿದ ಮನುಷ್ಯ ಸುಮ್ಮನಿದ್ದಾನೆಯೆ? ಬೊಜ್ಜನ್ನು ಕರಗಿಸಲೆಂದು ಸಿಬಿ-1 ಬೀಗವನ್ನು ಮುಚ್ಚುವ ರಿಮೊನಬಾಂಟ್ ಎಂಬ ಔಷಧ 2006ರಲ್ಲಿ ಯೂರೋಪಿನಲ್ಲಿ ಮಾರಾಟಕ್ಕೆ ಬಂದಿತು. ಹಸಿವು ತಗ್ಗಿತು, ತೂಕವೂ ಇಳಿಯಿತು. ಆದರೆ ಸೇವಿಸಿದವರಲ್ಲಿ ಹಲವರನ್ನು ಖಿನ್ನತೆ ಕವಿಯಿತು, ಕೆಲವರಿಗೆ ಆತ್ಮಹತ್ಯೆಯ ಯೋಚನೆ ಬಂದಿತು. 2008ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅನ್ನದ ಆಸೆಯನ್ನು ಹಿಡಿದ ಕೈ ಬಾಳಿನ ಆಸೆಯನ್ನೂ ಹಿಡಿದಿತ್ತು.

ಮತ್ತೆ ಕೆಲವರು ಎದುರು ದಾರಿ ಹಿಡಿದರು. ಆನಂದಮೈಡನ್ನು ಒಡೆಯುವ ಕಿಣ್ವವನ್ನೇ ತಡೆದರೆ ಅದು ಹೆಚ್ಚುಕಾಲ ಉಳಿದು ನೋವು ಶಮನವಾಗಬೇಕಷ್ಟೆ? ನನ್ನ ಮಿತ್ರರು ಬಯಸಿದ ಗುಳಿಗೆಯೇ ಇದು. ಅಂಥದೊಂದನ್ನು ಮಂಡಿಯ ಸಂಧಿವಾತದವರಿಗೇ ಕೊಟ್ಟು ನೋಡಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಆನಂದಮೈಡ್ ಏರಿತ್ತು. ನೋವು ಮಾತ್ರ, ಔಷಧವಿಲ್ಲದ ಬರಿಯ ಗುಳಿಗೆಗಿಂತ ಹೆಚ್ಚಾಗಿ ಇಳಿಯಲಿಲ್ಲ. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಇದೇ ಜಾತಿಯ ಇನ್ನೊಂದು ಔಷಧದ ಪರೀಕ್ಷೆಗೆ ಒಪ್ಪಿ ಬಂದ ಆರೋಗ್ಯವಂತರಲ್ಲಿ ಆರು ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಆ ಔಷಧ ತಾನು ಹಿಡಿಯಬೇಕಾದ ಕಿಣ್ವವನ್ನಲ್ಲದೆ ಬೇರೆ ಕಿಣ್ವಗಳನ್ನೂ ಹಿಡಿಯುತ್ತಿತ್ತೆಂದು ಅನಂತರದ ಪರೀಕ್ಷೆಗಳಲ್ಲಿ ಕಂಡಿತು. ಆದುದರಿಂದ ದೋಷವನ್ನು ಆನಂದಮೈಡಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹುಟ್ಟಿನಿಂದಲೇ ಈ ಅಣು ಹೆಚ್ಚಾಗಿರುವವರೂ ಉಂಟೆ? ಬ್ರಿಟನ್ನಿನ ಮಹಿಳೆಯೊಬ್ಬರ ವಿಚಾರವನ್ನು ವೈದ್ಯರು 2019ರಲ್ಲಿ ಪ್ರಕಟಿಸಿದರು. ಆ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯಲ್ಲಿ ವ್ಯತ್ಯಾಸವಿದ್ದು, ಅವರ ರಕ್ತದಲ್ಲಿ ಆನಂದಮೈಡ್ ಅಧಿಕವಾಗಿತ್ತು. ಆತಂಕವೆಂಬುದು ಅವರಿಗೆ ಅಪರಿಚಿತ. ಆದರೆ ಕೈ ಸುಟ್ಟರೂ ನೋವಿಲ್ಲ. ಕೀಲು ಸವೆದರೂ ನೋವಿಲ್ಲ. ಮರೆವು ಮಾತ್ರ ಹೆಚ್ಚು.

ಇನ್ನು ಹೊರಗಿನ ಭಂಗಿಯ ಮಾತು. ಅದರ ದ್ರವ್ಯ ಬೇಗನೆ ಅಳಿಯದು. ಎಲ್ಲ ಬೀಗಗಳಿಗೂ ಒಮ್ಮೆಗೇ ಕೈಹಾಕಿ ಗಂಟೆಗಟ್ಟಲೆ ಕೂರುತ್ತದೆ. ದಿನವೂ ಸೇದುವವರ ಮಿದುಳಿನಲ್ಲಿ ಬೀಗಗಳೇ ಕಡಮೆಯಾಗುತ್ತವೆ. ಬಿಟ್ಟು ಸುಮಾರು ನಾಲ್ಕು ವಾರವಾದರೆ ಚೇತರಿಸಿಕೊಳ್ಳುತ್ತವೆ. ಒಳಗಿನದಕ್ಕೆ ಇರುವ ವಿವೇಕ ಹೊರಗಿನದಕ್ಕೆ ಇಲ್ಲ.

ತೈತ್ತಿರೀಯೋಪನಿಷತ್ತು ಮನುಷ್ಯನ ಆನಂದವನ್ನು ಒಂದೆಂದಿಟ್ಟುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನೂರರಿಂದ ಗುಣಿಸುತ್ತ ಬ್ರಹ್ಮಾನಂದಕ್ಕೆ ಏರುತ್ತದೆ. ಅದು ಆತ್ಮದ ಲೆಕ್ಕ. ದೇಹದ ಲೆಕ್ಕದಲ್ಲಿ ಗುಣಾಕಾರವಿಲ್ಲ. ಅಲ್ಲಿ ಆನಂದವೆಂದರೆ 'ಇಷ್ಟು ಸಾಕು' ಎಂಬ ಮಾತು.

ಮಿತ್ರರಿಗೆ ಇದನ್ನೆಲ್ಲ ಹೇಳಿದೆ. ಓಟ, ಸೈಕಲ್ ಸವಾರಿಗಳಂಥ ಮಧ್ಯಮ ಶ್ರಮದ ಬಳಿಕ ರಕ್ತದಲ್ಲಿ ಆನಂದಮೈಡ್ ತಾನಾಗಿ ಏರುವುದನ್ನು 2003ರಲ್ಲಿಯೇ ಕಂಡುಕೊಂಡಿದ್ದಾರೆಂದೂ ಸೇರಿಸಿದೆ. "ಈ ಮಂಡಿಯಲ್ಲಿ ಓಡಲೆ?" ಎಂದು ನಕ್ಕರು. ಓಡುವುದು ಬೇಡವೆಂದೆ. ವೈದ್ಯರನ್ನು ಕೇಳಿಕೊಂಡು, ಈಗ ಸಂಜೆಯ ಹೊತ್ತು ನನ್ನೊಡನೆ ಕೆರೆಯ ಏರಿಯ ಮೇಲೆ ಮೆಲ್ಲನೆ ನಡೆಯುತ್ತಾರೆ. ನೋವು ಹೋಗಿಲ್ಲ. ಆದರೆ ಗುಳಿಗೆಯ ಮಾತನ್ನು ಅವರು ಮತ್ತೆ ಎತ್ತಿಲ್ಲ.